ತಪ್ಪಿಲ್ಲದ ಪ್ರಬಂಧ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು 'ಮೈ ಮದರ್' ಎಂಬ ಪ್ರಬಂಧ ಬರೆದು ತಂದಳು. ಒಂದು ಸ್ಪೆಲ್ಲಿಂಗೂ ತಪ್ಪಿಲ್ಲ. ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಆದರೆ ಆ ತಾಯಿ ಯಾರ ತಾಯಿಯಾದರೂ ಆಗಬಹುದಿತ್ತು. "ಓದಮ್ಮ" ಎಂದೆ. ಎರಡನೇ ಸಾಲಿಗೇ ತಡವರಿಸಿದಳು. "ಫೋನ್ ಬರೆದುಕೊಡ್ತು ಮಿಸ್" ಎಂದು ತಲೆ ತಗ್ಗಿಸಿದಳು.

ನಮ್ಮ ಕಾಲದಲ್ಲೂ ಗೈಡುಗಳಿದ್ದವು. ಕಂಠಪಾಠ ಮಾಡಿ ಪಾಸಾದವರೇ ನಾವು. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಮೊದಲನೆಯದಕ್ಕೆ ಮಕ್ಕಳು ಕನ್ನಡದಲ್ಲಾದರೂ ಯೋಚಿಸಿ ವಾಕ್ಯ ಕೊಡಬೇಕಿತ್ತು. ಎರಡನೆಯದಕ್ಕೆ ವಿಷಯದ ಹೆಸರು ಹೇಳಿದರೆ ಸಾಕು.

ಹಾಗೆಂದು ಯಂತ್ರವನ್ನು ಪೂರ್ತಿ ಬೈಯಲಾರೆ. ಒಂದು ಪದದ ಉಚ್ಚಾರವನ್ನು ಮಕ್ಕಳು ಇಂದು ಹತ್ತು ಸಲ, ಯಾರ ಎದುರೂ ನಾಚದೆ ಕೇಳಿಸಿಕೊಳ್ಳಬಹುದು. ನಮಗೆ ಆ ಭಾಗ್ಯವಿರಲಿಲ್ಲ. ದೋಷದಲ್ಲಿ ನಮ್ಮ ಪಾಲೂ ಇದೆ: ತಪ್ಪಿಲ್ಲದ್ದಕ್ಕೆ ಮಾತ್ರ ಅಂಕ ಕೊಟ್ಟು ರೂಢಿ ಮಾಡಿಸಿದವರು ನಾವೇ ಅಲ್ಲವೇ?

ಮರುದಿನ ತರಗತಿಯಲ್ಲೇ ಕೂರಿಸಿ ಬರೆಸಿದೆ. "ಮೈ ಮದರ್ ಗೋ ಗಾರ್ಮೆಂಟ್ಸ್. ನೈಟ್ ಹರ್ ಲೆಗ್ ಪೇನಿಂಗ್. ಐ ಪ್ರೆಸ್." ಮೂರು ಸಾಲಿನ ತುಂಬ ತಪ್ಪು. ಆದರೆ ಅಲ್ಲಿ ಅವಳ ಅಮ್ಮ ಇದ್ದಳು. ಮೊದಲು ಆ ಅಮ್ಮನ ಕಾಲುನೋವು ವಿಚಾರಿಸಿದೆ. ಆಮೇಲೆ ಇಬ್ಬರೂ ಸೇರಿ 'ಗೋ'ವನ್ನು 'ಗೋಸ್ ಟು' ಮಾಡಿದೆವು. ಅದನ್ನು ಅವಳು ಮರೆಯಲಿಲ್ಲ.

ನಿಮ್ಮ ಮಕ್ಕಳ ಇಂಗ್ಲಿಷ್ ಅಚ್ಚುಕಟ್ಟಾಗಿದ್ದರೆ ಹಿಗ್ಗಿ, ಬೇಡವೆನ್ನುವುದಿಲ್ಲ. ಒಮ್ಮೆ ಎದುರು ಕೂರಿಸಿಕೊಂಡು ಓದಿಸಿಯೂ ನೋಡಿ.