ಮಸೂದೆಯ ಕಾಗದ

ನಮ್ಮ ತರವಾಡು ಮನೆಯ ಮರದ ಪೆಟ್ಟಿಗೆಯಲ್ಲಿ ಒಂದು ಹಳದಿಗಟ್ಟಿದ ಕಾಗದವಿತ್ತು. ಮಳೆಗಾಲ ಮುಗಿದು ಬಿಸಿಲು ಬಿದ್ದೊಡನೆ ಅಜ್ಜಿ ಅದನ್ನು ಚಾಪೆಯ ಮೇಲೆ ಹರಡಿ ಒಣಗಿಸುತ್ತಿದ್ದರು. ಅವರಿಗೆ ಓದು ಬಾರದು. "ಮಸೂದೆಯ ಕಾಗದ" ಎಂದಷ್ಟೇ ಹೇಳುತ್ತಿದ್ದರು. ಅದು ಬರುವ ಮೊದಲು ನಾವು ಬೆಳೆದ ಅಕ್ಕಿ ಮುಡಿಯಾಗಿ ಧಣಿಗಳ ಮನೆ ಸೇರುತ್ತಿತ್ತು. ಗೇಣಿ ಬಾಕಿಯಾದ ಒಂದು ವರ್ಷ ಧಣಿಗಳ ಅಂಗಳದಲ್ಲಿ ಹೊತ್ತು ಮುಳುಗುವ ತನಕ ನಿಂತದ್ದನ್ನು ಅಜ್ಜಿ ಕೊನೆಯವರೆಗೂ ಮರೆಯಲಿಲ್ಲ.

ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನಮ್ಮ ಜಿಲ್ಲೆಯವರೇ ಆದ ಬಿ. ಸುಬ್ಬಯ್ಯ ಶೆಟ್ಟರು ಅದರ ಸಚಿವರಾಗಿದ್ದರು. ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯೂನಲ್ ಕೂತಿತು, ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಗಳ ಎದುರು ತಲೆ ಎತ್ತಿ ಮಾತಾಡದವರು ತಾವೇ ನಿಂತು ಮಾತಾಡಿ ಗದ್ದೆ ಪಡೆದರು. ಗೇಣಿಯೇ ಹಾಸುಹೊಕ್ಕಾಗಿದ್ದ ನಮ್ಮ ಕರಾವಳಿಯಲ್ಲಿ ಅದು ಸಣ್ಣ ಸಂಗತಿಯಲ್ಲ. ನಾನು ಬಿ.ಎಡ್. ಮಾಡಿ ಟೀಚರ್ ಆದದ್ದು ಆ ಗದ್ದೆಯ ಅನ್ನದಿಂದ. ಹಾಗಾಗಿ ಕಾಂಗ್ರೆಸ್ಸಿನ ಬಗ್ಗೆ ಬರೆಯುವಾಗ ಉಪ್ಪಿನ ಋಣ ನನ್ನ ಕೈ ಹಿಡಿಯುತ್ತದೆ. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕು.

ಹದಿನೆಂಟಕ್ಕೆ ಮತದಾನದ ಹಕ್ಕು ಬಂದ 1989ರಲ್ಲಿ ನಾನು ಮೊದಲ ಸಲ ಓಟು ಹಾಕಿದೆ. ಸಾಲಮೇಳಗಳಿಂದ ಹೆಸರಾದ ಜನಾರ್ದನ ಪೂಜಾರಿಯವರು ಆಗ ನಾಲ್ಕನೆಯ ಸಲ ಗೆದ್ದರು. ಮಂಗಳೂರಿನಿಂದ ಕಾಂಗ್ರೆಸ್ ಲೋಕಸಭೆಗೆ ಹೋದದ್ದು ಅದೇ ಕೊನೆ. 1991ರಿಂದ 2024ರವರೆಗೆ ಒಂಬತ್ತು ಚುನಾವಣೆಗಳು ನಡೆದವು. ಕ್ಷೇತ್ರದ ಹೆಸರೇ ದಕ್ಷಿಣ ಕನ್ನಡ ಎಂದಾಯಿತು. ಒಂಬತ್ತರಲ್ಲೂ ಭಾರತೀಯ ಜನತಾ ಪಕ್ಷವೇ ಗೆದ್ದಿತು. ಪೂಜಾರಿಯವರು ಮತ್ತೆ ಮತ್ತೆ ನಿಂತು ಸೋತರು. ಮುಖ್ಯಮಂತ್ರಿಯಾಗಿದ್ದ ವೀರಪ್ಪ ಮೊಯಿಲಿಯವರೂ ಸೋತರು.

ಧರ್ಮದ ಹೆಸರಿನಲ್ಲಿ ಜನರನ್ನು ಒಡೆದದ್ದರಿಂದ ಹೀಗಾಯಿತು ಎಂದು ಪಕ್ಷದವರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗ ಆ ಮಾರ್ಕ್ಸ್ ಕಾರ್ಡನ್ನೇ ಜೀವಮಾನವಿಡೀ ತೋರಿಸುತ್ತಾ ತಿರುಗಿದರೆ ಯಾರು ಕೆಲಸ ಕೊಡುತ್ತಾರೆ? ಪಕ್ಷವೂ ಹಾಗೇ ಮಾಡಿತು. ಗದ್ದೆ ಕೊಟ್ಟದ್ದು ಅಜ್ಜಿಗೆ. ಕೃತಜ್ಞತೆ ಮೊಮ್ಮಕ್ಕಳಿಗೂ ಆಸ್ತಿಯಂತೆ ಇಳಿದು ಬರುತ್ತದೆಂದು ನಂಬಿತು. ಆ ಮೊಮ್ಮಕ್ಕಳಿಗೆ ಬೇಕಾದದ್ದು ಗದ್ದೆಯಲ್ಲ, ಗೌರವ, ಜೊತೆಗಾರರು, ಸಂಜೆ ಹೋಗಿ ಕೂರಲು ಒಂದು ಜಾಗ. ಅದು ಅವರಿಗೆ ಭಜನಾ ಮಂದಿರದಲ್ಲಿ, ಬ್ರಹ್ಮಕಲಶದ ಚಪ್ಪರದಲ್ಲಿ, ಯುವಕ ಮಂಡಲದಲ್ಲಿ ಸಿಕ್ಕಿತು. ಎದುರು ಪಕ್ಷದವರು ವರ್ಷವಿಡೀ ಅಲ್ಲಿದ್ದರು. ನಮ್ಮವರು ಓಟಿನ ತಿಂಗಳಲ್ಲಿ ಜೀಪಿನಲ್ಲಿ ಬಂದರು.

2013ರಲ್ಲಿ ಜಿಲ್ಲೆಯ ಎಂಟು ವಿಧಾನಸಭಾ ಸೀಟುಗಳಲ್ಲಿ ಏಳು ಕಾಂಗ್ರೆಸ್ಸಿಗೆ ಸಿಕ್ಕಿದವು. 2018ರಲ್ಲಿ ಉಳಿದದ್ದು ಒಂದೇ, ಯು.ಟಿ. ಖಾದರ್ ಅವರದ್ದು. 2023ರಲ್ಲಿ ರಾಜ್ಯದಲ್ಲಿ 135 ಸೀಟು ಬಂದಾಗಲೂ ಇಲ್ಲಿ ಎರಡೇ. ಬೇರಿಲ್ಲದ ಗಿಡ ಒಂದು ಮಳೆಗೆ ಚಿಗುರುತ್ತದೆ, ಒಂದು ಬಿಸಿಲಿಗೆ ಒಣಗುತ್ತದೆ.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. ಆ ಮಸೂದೆಯ ಕಾಗದದಲ್ಲಿ ಇದ್ದದ್ದು ದೊಡ್ಡಮಾವನ ಹೆಸರು. ನೇಜಿ ನೆಟ್ಟವರು ಅಜ್ಜಿ, ಅಮ್ಮ, ಚಿಕ್ಕಮ್ಮಂದಿರು. ಉಳುವವನೇ ಹೊಲದೊಡೆಯ ಎಂದರು. ನೆಡುವವಳ ಸುದ್ದಿ ಯಾರೂ ಎತ್ತಲಿಲ್ಲ. ಮಾವ ತೀರಿಹೋದ ಮೇಲೆ ಪಾಲಾದಾಗ ಅಮ್ಮನಿಗೆ ಬಂದದ್ದು ಐದು ತೆಂಗಿನ ಮರ ಮತ್ತು ಒಂದು ಬೀಡಿ ಸೂಪು. ಆ ಸೂಪಿನ ಮುಂದೆ ಅವರು ಇಪ್ಪತ್ತು ವರ್ಷ ಕೂತರು.

ಆದ್ದರಿಂದ 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಆರಂಭವಾಗಿ, ಮನೆಯ ಯಜಮಾನಿಯ ಹೆಸರಿಗೇ ತಿಂಗಳಿಗೆ 2,000 ರೂಪಾಯಿ ಎಂದಾಗ ನನಗೆ ನಗು ಬರಲಿಲ್ಲ, ಕಣ್ಣು ತುಂಬಿತು. ಅರ್ಧ ಶತಮಾನದ ಮೇಲೆ ಹೆಂಗಸಿನ ಹೆಸರು ಕಾಗದದ ಮೇಲೆ ಬಂತು. ಬಿಟ್ಟಿ ದುಡ್ಡು ಎಂದು ಸ್ಟಾಫ್ ರೂಮಿನಲ್ಲಿ ಮೂಗು ಮುರಿದವರಿಗೆ ನಾನು ಕೇಳಿದ್ದು ಒಂದೇ: ನಿಮ್ಮ ಅಮ್ಮ ಬೇಯಿಸಿದ ಅನ್ನಕ್ಕೆ ಯಾರಾದರೂ ಸಂಬಳ ಕೊಟ್ಟಿದ್ದರೆ?

ಆದರೆ ಕೊಡುವ ಪಕ್ಷಕ್ಕೆ ಊರು ಗೊತ್ತಿರಬೇಕು. ಅದೇ ವರ್ಷ ಜೂನ್ 11ರಂದು ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಮಂಗಳೂರಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಸಿಟಿ ಬಸ್ಸು! ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸಿಗೆ ಕಾಯುವ ಬಟ್ಟೆ ಅಂಗಡಿಯ ಹುಡುಗಿಯರು ಪರ್ಸಿನಿಂದ ಚಿಲ್ಲರೆ ತೆಗೆಯುತ್ತಲೇ ಇದ್ದರು. ಇಲ್ಲಿಗೆ ಮೊದಲು ಬಸ್ಸು ಬೇಕು, ಆಮೇಲೆ ಉಚಿತ ಟಿಕೆಟು ಎಂದು ಹೇಳಲು ಪಕ್ಷದಲ್ಲಿ ಬಸ್ಸು ಹತ್ತುವ ಒಬ್ಬ ಹೆಂಗಸು ಇರಲಿಲ್ಲವೆ?

ಇದ್ದರೂ ಅವಳ ಮಾತು ಕೇಳುವವರಿರಲಿಲ್ಲವೆಂದು ಕಾಣುತ್ತದೆ. 2023ರಲ್ಲಿ ಜಿಲ್ಲೆಯ ಎಂಟು ಕಾಂಗ್ರೆಸ್ ಅಭ್ಯರ್ಥಿಗಳೂ ಗಂಡಸರೇ. 2013ರಲ್ಲಿ ಪುತ್ತೂರಿನಿಂದ ಶಕುಂತಳಾ ಶೆಟ್ಟಿಯವರನ್ನು ಗೆಲ್ಲಿಸಿದ ಪಕ್ಷ ಇದೇ! ಎದುರು ಪಕ್ಷ ಇಬ್ಬರು ಹೆಂಗಸರನ್ನು ನಿಲ್ಲಿಸಿತು. ಸುಳ್ಯದಲ್ಲಿ ಭಾಗೀರಥಿ ಮುರುಳ್ಯ ಗೆದ್ದರು. ಯಜಮಾನಿಗೆ ಖಾತೆ ಕೊಟ್ಟವರು ಯಜಮಾನಿಕೆ ಕೊಡಲಿಲ್ಲ.

ಈ ಪಕ್ಷ ಮತ್ತೆ ಚಿಗುರೀತೆ? ಚಿಗುರಬಹುದು. ಮೀಸಲಾತಿಯಿಂದಾಗಿ ನಮ್ಮ ಪಂಚಾಯತುಗಳಲ್ಲಿ ಪಳಗಿದ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ನೀರಿನ ಪೈಪು, ಅಂಗನವಾಡಿ, ಬೀಡಿ ಬ್ರಾಂಚಿನ ತಕರಾರು ಎಲ್ಲ ಅವರಿಗೆ ಗೊತ್ತು. ಮಸೀದಿಯ ಓಣಿಯಲ್ಲೂ ಮಂದಿರದ ಓಣಿಯಲ್ಲೂ ಅವರಿಗೆ ಒಂದು ಲೋಟ ನೀರು ಸಿಗುತ್ತದೆ. ಪಕ್ಷ ಅವರ ಹಿಂದೆ ಹೋದರೆ ಸಾಕು; ಮುಂದೆ ಹೋಗಬೇಕಿಲ್ಲ.

ಅಜ್ಜಿಯ ಕಾಗದ ಈಗ ಯಾರಲ್ಲಿದೆಯೋ. ನನ್ನ ಪಡಿತರ ಚೀಟಿಯನ್ನು ನಾನು ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟಿದ್ದೇನೆ, ಅದರಲ್ಲಿ ಮೊದಲ ಹೆಸರು ನನ್ನದು.