ಈಸೂರಿನ ಹುಡುಗ ಅಮಲ್ದಾರ

ನ್ಯಾಯಶಾಸ್ತ್ರದ ಮೊದಲ ಪಾಠ ಸಾಮಾನ್ಯವಾಗಿ ಜಾನ್ ಆಸ್ಟಿನ್‌ನಿಂದ ಶುರುವಾಗುತ್ತದೆ. ಕಾನೂನೆಂದರೆ ದೊರೆಯ ಅಪ್ಪಣೆ, ಮೀರಿದರೆ ದಂಡನೆ ಎಂದು ಆತ 1832ರಲ್ಲಿ ಬರೆದ. ಪರೀಕ್ಷೆಯಲ್ಲಿ ಒಪ್ಪಿಸಲು ಇದು ಸುಲಭ. ಶಿಕಾರಿಪುರ ತಾಲ್ಲೂಕಿನ ಈಸೂರನ್ನು ಎದುರಿಗಿಟ್ಟುಕೊಂಡು ಓದಿದರೆ ಮಾತ್ರ ಈ ವ್ಯಾಖ್ಯೆ ನಿಲ್ಲುವುದಿಲ್ಲ.

1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ಧ್ವಜ ಏರಿಸಿ ತಮ್ಮದೇ ಸರ್ಕಾರ ಘೋಷಿಸಿದರು. ಜಯಣ್ಣ ಎಂಬ ಹುಡುಗ ಅಮಲ್ದಾರನಾದ, ಅಂದರೆ ತಾಲ್ಲೂಕಿನ ಅಧಿಕಾರಿ; ಮಲ್ಲಪ್ಪ ಎಂಬ ಹುಡುಗ ಸಬ್ ಇನ್ಸ್‌ಪೆಕ್ಟರ್. ಇದನ್ನು ಮಕ್ಕಳಾಟವೆಂದು ನಾನು ಒಪ್ಪಲಾರೆ. ಊರವರು ಅಮಲ್ದಾರಿಕೆಯನ್ನೇ ಕಿತ್ತೆಸೆಯಲಿಲ್ಲ. ಆ ಹುದ್ದೆ ಕೊಡುವ ಹಕ್ಕು ಮೈಸೂರು ಸಂಸ್ಥಾನದ್ದಲ್ಲ, ತಮ್ಮದು ಎಂದರು. ಹುಡುಗನ ಬೆನ್ನಿಗೆ ಖಜಾನೆಯಿಲ್ಲ, ಪಡೆಯಿಲ್ಲ. ಊರು ಒಪ್ಪಿತ್ತು, ಅವನ ಅಧಿಕಾರವೆಂದರೆ ಅಷ್ಟೇ.

ಆಸ್ಟಿನ್‌ನನ್ನು ಗಟ್ಟಿಯಾಗಿ ಎದುರಿಸಿದವರು ನ್ಯಾಯಶಾಸ್ತ್ರಜ್ಞ ಎಚ್.ಎಲ್.ಎ. ಹಾರ್ಟ್. ಬಂದೂಕು ತೋರಿಸಿ ಹಣ ಕೇಳಿದವನಿಗೆ ನಾವು ಕೊಟ್ಟೇವು, ಆದರೆ ಅದು ನಮ್ಮ ಕರ್ತವ್ಯವಾಗದು ಎಂಬ ಅವರ ವಾದ ಸರಿಯಾದುದೇ. ಯಾವುದು ಕಾನೂನು ಎಂದು ಗುರುತಿಸುವ ನಿಯಮವನ್ನು ಅಧಿಕಾರಿಗಳು ಒಪ್ಪಿ ನಡೆಯಬೇಕು, ಪ್ರಜೆಗಳು ಪಾಲಿಸಿದರೆ ಸಾಕು, ಮನಸಾರೆ ಒಪ್ಪಬೇಕಿಲ್ಲ ಎಂದೂ ಅವರು ಹೇಳುತ್ತಾರೆ. ಈಸೂರು ಅವರನ್ನು ತಡೆದು ನಿಲ್ಲಿಸುವುದು ಇಲ್ಲಿ. 1943ರ ಮಾರ್ಚಿನಲ್ಲಿ ಈ ಊರಿನ ಐವರನ್ನು ಗಲ್ಲಿಗೇರಿಸಿದ ತೀರ್ಪು ಹಾರ್ಟ್ ಲೆಕ್ಕದಲ್ಲಿ ಸಿಂಧುವೇ. ಆ ಜನ ಅದಕ್ಕೆ ಏಕೆ ತಲೆಬಾಗಬೇಕಿತ್ತು ಎಂಬುದಕ್ಕೆ ಆ ಲೆಕ್ಕದಲ್ಲಿ ಉತ್ತರವಿಲ್ಲ.

ಹುತಾತ್ಮರಿಗೆ ಕೈಮುಗಿದೇ ಇನ್ನೊಂದು ಮಾತು ಹೇಳಬೇಕು. ಸಂಸ್ಥಾನದ ಅಮಲ್ದಾರರೂ ಪೊಲೀಸರೂ ಊರಿಗೆ ಬಂದಾಗ ಘರ್ಷಣೆಯಾಗಿ, ಸಂಸ್ಥಾನದ ಆ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಆ ಗಲ್ಲು ಶಿಕ್ಷೆ ಬಂದದ್ದು ಇದಕ್ಕೇ. ಈಸೂರಿನ ಸರ್ಕಾರ ಹುದ್ದೆಗಳನ್ನು ಕಟ್ಟಿಕೊಂಡಿತ್ತು. ತನ್ನದೇ ಜನರ ಸಿಟ್ಟನ್ನು ಹಿಡಿದು ನಿಲ್ಲಿಸುವ ಕಟ್ಟಳೆಯನ್ನು ಕಟ್ಟಿಕೊಳ್ಳಲು ಅದಕ್ಕೆ ಸಮಯ ಸಿಗಲಿಲ್ಲ. ಒಪ್ಪಿಗೆ ಅಧಿಕಾರವನ್ನು ಹುಟ್ಟಿಸೀತು, ಅಂಕೆಯಲ್ಲಿಡಲು ಅದೊಂದೇ ಸಾಲದು.

ಒಪ್ಪಿಗೆಯ ಬೆಲೆ ತಿಳಿಯಲು ಪಕ್ಕದ ಸೊರಬದ ಇಂದಿನ ಬಗರ್ ಹುಕುಂ ರೈತನನ್ನೂ ಪಾಠದೊಳಕ್ಕೆ ಕರೆಯಬೇಕು. ಆತ ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನು ಉತ್ತವನು. ಆಸ್ಟಿನ್ ಕಣ್ಣಿಗೆ ಬರೀ ಅಪರಾಧಿ. ಅದೇ ರೈತ ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿ, ಜಮೀನು ಮಂಜೂರಾದುದಕ್ಕೆ ಕೊಡುವ ಸಾಗುವಳಿ ಚೀಟಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಾನೆ. ಕಾನೂನನ್ನು ಮೀರಿದವನೇ ಅದರ ಮುದ್ರೆಗೆ ಇಷ್ಟು ಬೆಲೆ ಕೊಡುವುದನ್ನು ದಂಡನೆಯ ಭಯದಿಂದ ವಿವರಿಸಲಾಗದು. ಉತ್ತ ನೆಲ ತನ್ನದೆಂದು ಆತ ಆಗಲೇ ನಂಬಿದ್ದಾನೆ. ನೆರೆಯವನೂ ಬ್ಯಾಂಕೂ ಮುಂದೆ ಮಕ್ಕಳೂ ಅದನ್ನು ಒಪ್ಪುವಂತೆ ಮಾಡಲು ಅವನಿಗೆ ಆ ಚೀಟಿ ಬೇಕು.