ಗೆರೆ ನೇರವಾಗುವ ಬಗೆ

ಸವಾರನ ಕೌಶಲವನ್ನು ಅಳೆಯಬೇಕೆಂದರೆ ಮಣ್ಣುದಾರಿಯಲ್ಲಿ ಸೈಕಲ್ ಬಿಟ್ಟುಹೋದ ಜಾಡನ್ನು ನೋಡಬೇಕು. ಹೊಸಬರು ಹೋದಲ್ಲಿ ಎರಡು ಚಕ್ರದ ಗೆರೆಗಳು ಒಂದನ್ನೊಂದು ದಾಟುತ್ತ ಅಂಕುಡೊಂಕಾಗಿ ಹರಿದಿರುತ್ತವೆ. ಪಳಗಿದವರದು ಹೆಚ್ಚುಕಡಿಮೆ ಒಂದೇ ಗೆರೆ; ಮುಂದಿನ ಚಕ್ರದ ಗುರುತಿನ ಮೇಲೆಯೇ ಹಿಂದಿನದೂ ಉರುಳಿರುತ್ತದೆ. ಎರಡು ಗೆರೆ ಒಂದಾಗುವ ಈ ನಿಧಾನದ ಬೆಳವಣಿಗೆಯಲ್ಲೇ ಸೈಕಲ್ ಸವಾರಿಯ ರಸವೆಲ್ಲ ಅಡಗಿದೆ.

ಅದನ್ನು ಸವಿಯಲು ದೇವನಹಳ್ಳಿ ಹೇಳಿ ಮಾಡಿಸಿದ ಊರು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ ಹೈದರ್, ಟಿಪ್ಪು ಕಾಲಕ್ಕೆ ಕಲ್ಲಿನದಾಯಿತು. ಅದರೊಳಗಿನ ಬೀದಿಗಳು, ವೇಣುಗೋಪಾಲಸ್ವಾಮಿ ಗುಡಿಯ ಆಸುಪಾಸು ಕಲಿಯುವ ಕಾಲುಗಳಿಗೆ ಸಾಕು. ಊರು ದಾಟಿದರೆ ಬಯಲು. ಉತ್ತರಕ್ಕೆ ಆವತಿ, ಅದರಾಚೆ 1,478 ಮೀಟರ್ ಎತ್ತರದ ನಂದಿಬೆಟ್ಟ. ಬೀದಿ, ಬಯಲು, ಬೆಟ್ಟ: ಮೂರೂ ಪಾಠಗಳು ಒಂದರ ಹಿಂದೊಂದು ಕಾದಿವೆ.

ಬೀದಿಯ ಪಾಠ ಬೀಳದಿರುವುದು. ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುವ ಮಗುವನ್ನು ನೋಡಿ. ಮೈ ಒಂದು ಕಡೆ, ಸೈಕಲ್ ಇನ್ನೊಂದು ಕಡೆ. ಆದರೂ ಎರಡೂ ಸೇರಿ ನೆಟ್ಟಗೆ ಸಾಗುತ್ತವೆ. ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿದರೆ ಚಕ್ರಗಳು ಮತ್ತೆ ಮೈಭಾರದ ಅಡಿಗೆ ಬರುತ್ತವೆ ಎಂಬುದು ಅದಕ್ಕೆ ಯಾರೂ ಹೇಳಿಕೊಡದ ಗುಟ್ಟು. ಇದಕ್ಕಿಂತ ಸೂಕ್ಷ್ಮವಾದದ್ದೂ ಉಂಟು. ಎಡಕ್ಕೆ ಹೊರಳುವ ಮುನ್ನ ಕೈ ತಾನಾಗಿ ಹ್ಯಾಂಡಲನ್ನು ತುಸುವೇ ಬಲಕ್ಕೆ ತಿರುಗಿಸುತ್ತದೆ. ಸೈಕಲ್ ಎಡಕ್ಕೆ ವಾಲುವುದು ಅದರಿಂದಲೇ. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರಲ್ಲಿ ವಿಲ್ಬರ್ ಇದನ್ನು ಗುರುತಿಸಿದ್ದ. 2008ರಿಂದ ಪಕ್ಕದಲ್ಲೇ ವಿಮಾನಗಳು ಏರಿಳಿಯುವ ಈ ಊರಿನ ಮಕ್ಕಳೂ ಅದನ್ನು ದಿನವೂ ಮಾಡುತ್ತಾರೆ, ಮಾಡುತ್ತಿದ್ದೇವೆಂಬ ಅರಿವಿಲ್ಲದೆ.

ಬಯಲಲ್ಲಿ ಗುರು ಎಂದರೆ ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಹೊಸಬರು ಅದರೊಡನೆ ಸೆಣಸುತ್ತಾರೆ: ಭಾರದ ಗೇರು, ಬಿಗಿದ ಭುಜ, ಬೆರಳು ಬಿಳಿಚುವಷ್ಟು ಗಟ್ಟಿ ಹಿಡಿತ. ಪಳಗಿದವರು ಮೊಣಕೈ ಮಡಿಸಿ ಮೈ ತಗ್ಗಿಸುತ್ತಾರೆ, ಹಗುರ ಗೇರಿನಲ್ಲಿ ನಿಮಿಷಕ್ಕೆ 80-90 ಸುತ್ತು ತುಳಿಯುತ್ತಾರೆ. ಸೊಂಟದ ಮೇಲೆ ಅಲುಗಾಟವೇ ಇಲ್ಲ. ನೋಡುವವರ ಕಣ್ಣಿಗೆ ಹಬ್ಬ ಅದು.

ಕಡೆಯ ಪಾಠ ಬೆಟ್ಟದ್ದು. ಬೆಂಗಳೂರಿನ ಸವಾರರು ರಜಾದಿನಗಳ ನಸುಕಿನಲ್ಲಿ ದೇವನಹಳ್ಳಿ ಹಾದು ಹೋಗುವುದು ಇದಕ್ಕಾಗಿಯೇ. ಬುಡದಿಂದ ತುದಿಗೆ ಸುಮಾರು ಎಂಟು ಕಿಲೋಮೀಟರ್ ಏರು. ಅನುಭವಿಯ ಗೇರು ಏರು ಬರುವ ಮುನ್ನವೇ ಬದಲಾಗಿರುತ್ತದೆ. ಉಸಿರು, ತುಳಿತ ಒಂದೇ ಲಯದಲ್ಲಿರುತ್ತವೆ. ಆದರೆ ನಿಜವಾದ ಕುಶಲತೆ ಕಾಣುವುದು ಇಳಿಯುವಾಗ. ಬ್ರೇಕು ತಿರುವಿಗೆ ಮೊದಲೇ ಮುಗಿದಿರುತ್ತದೆ, ತಿರುವಿನೊಳಗಲ್ಲ. ಹೊರಬದಿಯ ಪೆಡಲ್ ಕೆಳಗೆ, ನೋಟ ತಿರುವು ಬಿಚ್ಚಿಕೊಳ್ಳುವ ಕಡೆಗೆ. ಕಣ್ಣು ಗುಂಡಿಗೆ ಅಂಟಿದರೆ ಸೈಕಲ್ಲೂ ಗುಂಡಿಗೇ ಎಳೆಯುತ್ತದೆಂದು ಬಲ್ಲವರು ದಾರಿಯನ್ನಷ್ಟೇ ನೋಡುತ್ತಾರೆ. ಹೊಸಬರು ಹೆದರುವ ಮುಂದಿನ ಬ್ರೇಕನ್ನೇ ಅವರು ಮೆಲ್ಲನೆ, ಹದವರಿತು ಒತ್ತುತ್ತಾರೆ; ವೇಗ ತಗ್ಗುವಾಗ ಮೈಭಾರ ಮುಂದಿನ ಚಕ್ರದತ್ತ ಸರಿಯುವುದರಿಂದ ಅದಕ್ಕೇ ಹಿಡಿತ ಹೆಚ್ಚು.

ಮೂರು ಪಾಠಗಳಲ್ಲೂ ಕಾಣುವುದು ಒಂದೇ: ಕಲಿತಷ್ಟೂ ಬೇಡದ ಚಲನೆ ಉದುರುತ್ತದೆ. ಮುದ್ದೆ ತೊಳಸುವ ಕೈಗೆ ಹಿಟ್ಟಿನ ಹದ ತಿಳಿದಿರುವಂತೆ ಮೈಗೇ ದಾರಿ ತಿಳಿದಿರುತ್ತದೆ. ಆತ್ಮವಿಶ್ವಾಸವೆಂದು ನಾವು ಕರೆಯುವುದು ಈ ತಿಳಿವನ್ನೇ. ಭಂಡಧೈರ್ಯಕ್ಕೂ ಅದಕ್ಕೂ ನಂಟಿಲ್ಲ. ಒದ್ದೆ ರಸ್ತೆಯಲ್ಲಿ, ಜಲ್ಲಿಯ ಮೇಲೆ ಎಲ್ಲರಿಗಿಂತ ಮೊದಲು ವೇಗ ತಗ್ಗಿಸುವವರು ಪಳಗಿದವರೇ.

ಈ ಕುಶಲತೆಗೆ ದುಬಾರಿ ಸೈಕಲ್ ಬೇಕಿಲ್ಲ. 2006-07ರಲ್ಲಿ ಆರಂಭವಾದ ಸರ್ಕಾರದ ಯೋಜನೆ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳ ಕೈಗೆ ಸೈಕಲ್ ಕೊಟ್ಟಿತು. ಅಂಥದೊಂದು ಸೈಕಲ್ಲಿನಲ್ಲಿ, ಲಾರಿಗಳು ಓಡುವ ರಸ್ತೆಯಲ್ಲಿ ಬಲಕ್ಕೆ ತಿರುಗಬೇಕಾದ ಹುಡುಗಿಯೊಬ್ಬಳು ಹೆಗಲ ಮೇಲಿಂದ ಹಿಂತಿರುಗಿ ನೋಡಿ, ಒಂದು ಕೈ ಚಾಚುತ್ತಾಳೆ. ಕತ್ತು ಹೊರಳಿದರೂ ಗೆರೆ ಕದಲುವುದಿಲ್ಲ. ನಂದಿಯನ್ನೇರುವ ಸವಾರರೂ ವರ್ಷಗಟ್ಟಲೆ ತುಳಿದು ಗಳಿಸುವ ನಯ ಅದು. ಅದನ್ನು ಕಂಡಾಗ ಗುರುತಿಸಿ ಮೆಚ್ಚುವುದು, ಅವಳಿಗೆ ದಾರಿ ಬಿಡುವುದು ನಮ್ಮ ಪಾಲಿನ ರಸಿಕತೆ.